ದೊಡ್ಡ ಪ್ರಾಣಿಗಳ ಬೇಟೆಗೆ ಮಧ್ಯಮ ಬೆಲೆಯ ರೈಫಲ್ ಸ್ಕೋಪ್: ಆರಿಸುವುದು, ಕೂರಿಸುವುದು, ಪರೀಕ್ಷಿಸುವುದು

ಸ್ಕೋಪ್, ಎಂದರೆ ಗುರಿ ಹಿಡಿಯಲು ರೈಫಲಿನ ಮೇಲೆ ಕೂರಿಸುವ ದೂರದರ್ಶಕ, ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಆದರೆ ತಯಾರಕರಿಗೆ ಎಲ್ಲಕ್ಕಿಂತ ಅಗ್ಗವಾಗಿ ಕೊಡಲು ಸಾಧ್ಯವಾಗುವ ಗುಣವೇ ಅದು. ಒಂದೇ ಬೆಲೆಗೆ 3-9 ಪಟ್ಟಿನ ಸ್ಕೋಪೂ 6-24 ಪಟ್ಟಿನ ಸ್ಕೋಪೂ ಸಿಗುತ್ತಿದ್ದರೆ, ಎರಡನೆಯದರಲ್ಲಿ ಗಾಜಿನ ಗುಣಮಟ್ಟದಲ್ಲೋ ಒಳಗಿನ ಯಂತ್ರಭಾಗದಲ್ಲೋ ಎಲ್ಲಿಯಾದರೂ ಉಳಿತಾಯ ಮಾಡಿರಲೇಬೇಕು. ಎಲ್ಕ್, ಮೂಸ್, ಕೆಂಪು ಜಿಂಕೆ, ಕಾಡುಹಂದಿ, ಕುಡು ಮುಂತಾದ ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಗುರಿ ಚಿಕ್ಕದಲ್ಲ. ಬೆಳಕು ಕಡಿಮೆ, ಸಮಯ ಕಡಿಮೆ, ಕೋವಿಯ ಒದೆತ ಜೋರು. ಆದ್ದರಿಂದ ಮಧ್ಯಮ ಬೆಲೆಯಲ್ಲಿ ಕೊಳ್ಳುವವರು ವರ್ಧನೆಯನ್ನು ಬಿಟ್ಟುಕೊಟ್ಟು ಬೆಳಕು, ಕಣ್ಣಿನ ಅನುಕೂಲ ಮತ್ತು ನಂಬಬಹುದಾದ ಗುರಿ ಹೊಂದಾಣಿಕೆಗೆ ಹಣ ಹಾಕಬೇಕು ಎಂಬುದೇ ಈ ಬರಹದ ನಿಲುವು.

ಮಧ್ಯಮ ಬೆಲೆ ಎಂದರೆ ಇಲ್ಲಿ ಸಾಧಾರಣ ಬೇಟೆ ರೈಫಲ್ ಒಂದರ ಬೆಲೆಯ ಅರ್ಧದಿಂದ ಪೂರ್ತಿಯವರೆಗಿನ ವರ್ಗ. ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ, ಜೈಸ್ ಕಾಂಕ್ವೆಸ್ಟ್ ವಿ4, ವೋರ್ಟೆಕ್ಸ್ ವೈಪರ್, ಮಿಯೋಪ್ಟಾ ಆಪ್ಟಿಕಾ6 ಮೊದಲಾದವು ಹೆಚ್ಚುಕಡಿಮೆ ಈ ವರ್ಗಕ್ಕೆ ಸೇರುತ್ತವೆ. ಮಾದರಿಗಳು ಬದಲಾಗುತ್ತಲೇ ಇರುವುದರಿಂದ ಹೆಸರಿಗಿಂತ ಗುಣಗಳನ್ನು ಅಳೆಯುವ ಕ್ರಮವನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ. ಬೇಟೆಗೆ ಕಾನೂನಿನ ಅನುಮತಿ ಇರುವ ಪ್ರದೇಶ, ಸೂಕ್ತ ಪರವಾನಗಿ ಮತ್ತು ಪರವಾನಗಿ ಪಡೆದ ರೈಫಲ್ ಇವೆ ಎಂದೇ ಮುಂದಿನ ಮಾತುಗಳು ಭಾವಿಸುತ್ತವೆ. ಬ್ಯಾಟರಿಯಿಂದ ನಡೆಯುವ, ದೂರ ಅಳೆಯುವ ಅಥವಾ ರಾತ್ರಿ ಕಾಣುವ ಸ್ಕೋಪ್‌ಗಳನ್ನು ಕೆಲವು ಪ್ರದೇಶಗಳಲ್ಲಿ ಬೇಟೆಗೆ ಬಳಸುವಂತಿಲ್ಲ. ಹಣ ಕೊಡುವ ಮೊದಲೇ ಅಲ್ಲಿನ ನಿಯಮವನ್ನು ನೋಡಿಕೊಳ್ಳಬೇಕು.

ಹೆಜ್ಜೆ 1: ಎಷ್ಟು ದೂರಕ್ಕೆ, ಎಂಥ ನೆಲದಲ್ಲಿ?

ಕಾಗದದ ಮೇಲೆ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ: ನೀವು ಈಡು ಹೊಡೆಯುವ ಅತಿ ಹತ್ತಿರದ ದೂರ ಮತ್ತು ನಿಮ್ಮ ಅಭ್ಯಾಸದ ಮಟ್ಟಿಗೆ ಪ್ರಾಮಾಣಿಕವಾಗಿ ಒಪ್ಪಬಹುದಾದ ಅತಿ ಹೆಚ್ಚಿನ ದೂರ. ಎರಡನೆಯ ಸಂಖ್ಯೆಯನ್ನು ಬೆಂಚಿನ ಮೇಲೆ ಮರಳಿನ ಚೀಲವಿಟ್ಟು ಹೊಡೆದ ಗುಂಡುಗಳಿಂದ ನಿರ್ಧರಿಸಬಾರದು. ಮಂಡಿಯೂರಿ, ಏದುಸಿರಿನಲ್ಲಿ, ಒಂದು ಕೋಲಿನ ಆಸರೆಯಲ್ಲಿ ಹೊಡೆದಾಗ ಏನಾಗುತ್ತದೆ ಎಂಬುದರಿಂದ ನಿರ್ಧರಿಸಬೇಕು. ಹಾಗೆ ನೋಡಿದರೆ ಬಹುಪಾಲು ಬೇಟೆಗಾರರ ಮಿತಿ 300 ಮೀಟರಿನೊಳಗೇ ಬರುತ್ತದೆ.

ದಟ್ಟ ಕಾಡಿನಲ್ಲಿ, ಅದರಲ್ಲೂ ಕಾಡುಹಂದಿಯನ್ನು ಓಡಿಸಿ ತರುವ ಬೇಟೆಯಲ್ಲಿ, ದೂರ 30ರಿಂದ 80 ಮೀಟರ್ ಇರುತ್ತದೆ. ಅಲ್ಲಿ 1-4×24 ಅಥವಾ 1.5-6×42 (ಈ ಸಂಖ್ಯೆಗಳ ಅರ್ಥ ಹೆಜ್ಜೆ 2ರಲ್ಲಿದೆ) ಸಾಕು, ಅತಿ ಕಡಿಮೆ ವರ್ಧನೆಯಲ್ಲಿ ಎರಡೂ ಕಣ್ಣು ತೆರೆದೇ ಗುರಿ ಹಿಡಿಯಬಹುದು. ಕಾಡೂ ಬಯಲೂ ಬೆರೆತ ನೆಲಕ್ಕೆ 3-9×40, 2.5-10×42 ಅಥವಾ 3-12×44 ಹೊಂದುತ್ತವೆ. ಬೋಳು ಬೆಟ್ಟಗಳಲ್ಲಿ ಕಣಿವೆಯ ಆಚೆಗೆ ಗುರಿ ಇಡುವವರಿಗೆ ಮೇಲಿನ ತುದಿ 12 ಅಥವಾ 15 ಇದ್ದರೆ ಅನುಕೂಲ. ಅದಕ್ಕಿಂತ ಹೆಚ್ಚಿನ ವರ್ಧನೆಯಲ್ಲಿ ಬಿಸಿಲಿನ ಝಳವೂ ನಿಮ್ಮ ಎದೆಬಡಿತದ ಅಲುಗಾಟವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತವೆ.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. 3 ಪಟ್ಟು ವರ್ಧನೆಯಲ್ಲಿ 100 ಮೀಟರ್ ದೂರದಲ್ಲಿ ಸುಮಾರು 10 ಮೀಟರ್ ಅಗಲದ ನೋಟ ಸಿಗುತ್ತದೆ; 9 ಪಟ್ಟಿಗೆ ಅದು 4 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೊದೆಯಿಂದ ಹೊರಬಿದ್ದ ಪ್ರಾಣಿಯನ್ನು ಸ್ಕೋಪಿನೊಳಗೆ ಹುಡುಕುತ್ತಲೇ ಅವಕಾಶ ಕಳೆದುಕೊಳ್ಳುವುದು ವರ್ಧನೆ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಆದುದರಿಂದ ಕೆಳಗಿನ ಸಂಖ್ಯೆ 3ಕ್ಕಿಂತ ಹೆಚ್ಚಿರುವ ಸ್ಕೋಪನ್ನು ಕಾಡಿನ ಬೇಟೆಗೆ ನಾನು ಶಿಫಾರಸು ಮಾಡುವುದಿಲ್ಲ.

ಹೆಜ್ಜೆ 2: ಬೆಳಕಿನ ಲೆಕ್ಕ

3-9×40 ಎಂದರೆ 3ರಿಂದ 9 ಪಟ್ಟು ವರ್ಧನೆ ಮತ್ತು 40 ಮಿ.ಮೀ. ವ್ಯಾಸದ ಮುಂದಿನ ಮಸೂರ. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. ಸ್ಕೋಪನ್ನು ಕೈಯಳತೆ ದೂರದಲ್ಲಿ ಆಕಾಶದ ಕಡೆಗೆ ಹಿಡಿದರೆ ಹಿಂದಿನ ಮಸೂರದ ನಡುವೆ ಒಂದು ಬೆಳ್ಳನೆಯ ಬಿಲ್ಲೆ ಕಾಣುತ್ತದೆ; ವರ್ಧನೆಯ ಉಂಗುರವನ್ನು ತಿರುಗಿಸಿದಂತೆ ಅದು ಕುಗ್ಗುವುದನ್ನೂ ಹಿಗ್ಗುವುದನ್ನೂ ಕಣ್ಣಾರೆ ನೋಡಬಹುದು. 9 ಪಟ್ಟಿನಲ್ಲಿ ಅದರ ವ್ಯಾಸ 4.4 ಮಿ.ಮೀ., 6 ಪಟ್ಟಿನಲ್ಲಿ 6.7 ಮಿ.ಮೀ. ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆಯುತ್ತದೆ, ವಯಸ್ಸಾದಂತೆ 5 ಮಿ.ಮೀ.ಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಅಂದರೆ ಐವತ್ತು ದಾಟಿದವರು ಮುಸ್ಸಂಜೆಯಲ್ಲಿ 40 ಮಿ.ಮೀ. ಮಸೂರದ ಸ್ಕೋಪನ್ನು 7 ಅಥವಾ 8 ಪಟ್ಟಿಗೆ ಇಟ್ಟುಕೊಂಡರೆ ತಮ್ಮ ಕಣ್ಣು ಹಿಡಿಯಬಲ್ಲ ಬೆಳಕೆಲ್ಲ ಅವರಿಗೆ ಸಿಕ್ಕಂತೆಯೇ. 50 ಅಥವಾ 56 ಮಿ.ಮೀ. ಮಸೂರ ಲಾಭ ಕೊಡುವುದು ಹೆಚ್ಚಿನ ವರ್ಧನೆಯಲ್ಲಿ ಮಾತ್ರ. ಅದಕ್ಕೆ ತೆರುವ ಬೆಲೆ ತೂಕ, ಎತ್ತರದ ರಿಂಗು (ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಬಳೆ), ಮತ್ತು ಕೆನ್ನೆ ಕೋವಿಯ ಹಿಡಿಯನ್ನು ಸರಿಯಾಗಿ ಮುಟ್ಟದ ಭಂಗಿ. ಮಚಾನಿನ ಮೇಲೆ ಕುಳಿತು ಕತ್ತಲಾಗುವವರೆಗೆ ಕಾಯುವವರಿಗೆ ಅದು ಒಪ್ಪಬಹುದಾದ ವ್ಯಾಪಾರ, ದಿನವಿಡೀ ಬೆಟ್ಟ ಹತ್ತುವವರಿಗಲ್ಲ.

ಮಸೂರದ ಗಾತ್ರಕ್ಕಿಂತ ಅದರ ಲೇಪನವೇ ಹೆಚ್ಚು ಮುಖ್ಯ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಸುಮಾರು 4 ಪ್ರತಿಶತ ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಸ್ಕೋಪಿನೊಳಗೆ ಅಂಥ 12 ಮೇಲ್ಮೈಗಳಿದ್ದರೆ ಕಣ್ಣಿಗೆ ತಲುಪುವುದು 61 ಪ್ರತಿಶತ ಮಾತ್ರ. ಪ್ರತಿ ಮೇಲ್ಮೈಯ ನಷ್ಟವನ್ನು ಅರ್ಧ ಪ್ರತಿಶತಕ್ಕೆ ಇಳಿಸಿದರೆ ಅದೇ 12 ಮೇಲ್ಮೈಗಳ ಮೂಲಕ 94 ಪ್ರತಿಶತ ಹಾದುಬರುತ್ತದೆ. ಪ್ರತಿಫಲನ ತಡೆಯುವ ಲೇಪನವನ್ನು ಜೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ರೂಪಿಸಿದರು. ಇಂದು ಎಲ್ಲ ತಯಾರಕರೂ ಲೇಪನ ಬಳಸುತ್ತಾರಾದರೂ ಎಲ್ಲರೂ ಒಂದೇ ಪ್ರಮಾಣದಲ್ಲಿ ಬಳಸುವುದಿಲ್ಲ. ಪೆಟ್ಟಿಗೆಯ ಮೇಲೆ ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಎಲ್ಲ ಮೇಲ್ಮೈಗಳಿಗೂ ಹಲವು ಪದರದ ಲೇಪನವಿದೆ ಎಂದರ್ಥ. ಬರೀ ‘ಕೋಟೆಡ್’ ಎಂದಿದ್ದರೆ ಅದು ಒಂದೆರಡು ಮೇಲ್ಮೈಗಳಿಗೆ ಮಾತ್ರ ಸೀಮಿತವಾಗಿರಬಹುದು.

ಕೊಳವೆಯ ದಪ್ಪದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. 30 ಮಿ.ಮೀ. ಕೊಳವೆ ಒಂದು ಇಂಚಿನ, ಎಂದರೆ 25.4 ಮಿ.ಮೀ. ಕೊಳವೆಗಿಂತ ಹೆಚ್ಚು ಬೆಳಕು ತರುತ್ತದೆ ಎಂಬ ಮಾತು ನಿಜವಲ್ಲ. ದಪ್ಪ ಕೊಳವೆಯಿಂದ ಸಿಗುವುದು ಮೇಲೆ-ಕೆಳಗೆ ಹೊಂದಿಸುವ ವ್ಯಾಪ್ತಿ. 300 ಮೀಟರಿನೊಳಗೆ ಹೊಡೆಯುವವರಿಗೆ ಒಂದು ಇಂಚಿನ ಕೊಳವೆಯ ವ್ಯಾಪ್ತಿ ಧಾರಾಳ ಸಾಕು, ತೂಕವೂ ಉಳಿಯುತ್ತದೆ.

ಹೆಜ್ಜೆ 3: ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರ

.300 ವಿಂಚೆಸ್ಟರ್ ಮ್ಯಾಗ್ನಮ್ ಅಥವಾ .375 ಎಚ್ ಆಂಡ್ ಎಚ್ ತೋಟೆಯ ರೈಫಲ್ ಜೋರಾಗಿಯೇ ಒದೆಯುತ್ತದೆ. ಸ್ಕೋಪಿನ ಹಿಂದಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರಾಕಾರದ ಗಾಯ ಮಾಡಿಕೊಂಡವರು ಪ್ರತಿ ಗುರಿ ಮೈದಾನದಲ್ಲೂ ಸಿಗುತ್ತಾರೆ. ಪೂರ್ತಿ ಚಿತ್ರ ಕಾಣುವಾಗ ಕಣ್ಣಿಗೂ ಗಾಜಿಗೂ ನಡುವೆ ಕನಿಷ್ಠ 9 ಸೆಂ.ಮೀ. ಅಂತರವಿರಬೇಕು, ಮ್ಯಾಗ್ನಮ್ ತೋಟೆಗಳಿಗೆ 10 ಸೆಂ.ಮೀ. ಒಳ್ಳೆಯದು. ಬಹಳಷ್ಟು ಸ್ಕೋಪ್‌ಗಳಲ್ಲಿ ವರ್ಧನೆ ಹೆಚ್ಚಿಸಿದಂತೆ ಈ ಅಂತರ ಕಡಿಮೆಯಾಗುತ್ತದೆ. ವಿವರಪಟ್ಟಿಯಲ್ಲಿ ಒಂದೇ ಸಂಖ್ಯೆ ಕೊಟ್ಟಿದ್ದರೆ ಅದು ಯಾವ ವರ್ಧನೆಯದು ಎಂದು ವಿಚಾರಿಸಿ, ವರ್ಧನೆಯನ್ನು ಮೇಲಿನ ತುದಿಯಲ್ಲಿಟ್ಟು ನೋಡಬೇಕು.

ಅಂತರದಷ್ಟೇ ಮುಖ್ಯವಾದದ್ದು, ತಲೆ ಸ್ವಲ್ಪ ಅತ್ತಿತ್ತ ಸರಿದರೂ ಚಿತ್ರ ಉಳಿಯುತ್ತದೆಯೇ ಎಂಬುದು. ಇದನ್ನು ಯಾವ ವಿವರಪಟ್ಟಿಯೂ ಹೇಳುವುದಿಲ್ಲ, ಹೇಳಲು ಒಪ್ಪಿತ ಅಳತೆಯೂ ಇಲ್ಲ. ಪರೀಕ್ಷೆ ಮಾತ್ರ ಸುಲಭ. ಖಾಲಿ ಎಂದು ಖಚಿತಪಡಿಸಿಕೊಂಡ ರೈಫಲಿನ ಮೇಲೆ ಸ್ಕೋಪನ್ನು ಇರಿಸಿ, ಕಣ್ಣು ಮುಚ್ಚಿ, ಕೋವಿಯನ್ನು ಭುಜಕ್ಕೆ ತಂದು, ಕೆನ್ನೆ ಊರಿ, ಆಮೇಲೆ ಕಣ್ಣು ತೆರೆಯಿರಿ. ಆ ಕ್ಷಣದಲ್ಲೇ ದುಂಡನೆಯ ಪೂರ್ತಿ ಚಿತ್ರ ಕಂಡರೆ ಸರಿ. ಅಂಚಿನಲ್ಲಿ ಬಾಳೆಹಣ್ಣಿನಾಕಾರದ ಕಪ್ಪು ನೆರಳು ಕಂಡು ಕತ್ತನ್ನು ಹೊಂದಿಸಬೇಕಾಯಿತೆಂದರೆ ಸ್ಕೋಪಾಗಲಿ ರಿಂಗಿನ ಎತ್ತರವಾಗಲಿ ನಿಮಗೆ ಹೊಂದುವುದಿಲ್ಲ. ಬೇಟೆಗೆ ತೊಡುವ ದಪ್ಪ ಅಂಗಿಯನ್ನೇ ತೊಟ್ಟು ಇದನ್ನು ಮಾಡಬೇಕು, ನಿಂತು, ಕುಳಿತು, ಮಲಗಿ ಮೂರೂ ಭಂಗಿಗಳಲ್ಲಿ ನೋಡಬೇಕು. ಮಲಗಿದಾಗ ತಲೆ ಮುಂದಕ್ಕೆ ಜರುಗುವುದರಿಂದ ಹುಬ್ಬಿಗೆ ಪೆಟ್ಟು ಬೀಳುವುದು ಆ ಭಂಗಿಯಲ್ಲೇ ಹೆಚ್ಚು.

ಕೆಳಗಿನ ವರ್ಧನೆಗಿಂತ ಮೇಲಿನದು 6 ಅಥವಾ 8 ಪಟ್ಟು ಇರುವ ಸ್ಕೋಪ್‌ಗಳು ಈಗ ಮಧ್ಯಮ ಬೆಲೆಯಲ್ಲೂ ಬಂದಿವೆ. ಅಷ್ಟು ವ್ಯಾಪ್ತಿಯನ್ನು ಈ ಬೆಲೆಗೆ ತರುವಾಗ ಮೊದಲು ಬಿಗಿಯಾಗುವುದು ಕಣ್ಣಿನ ಈ ಸ್ವಾತಂತ್ರ್ಯವೇ. 3 ಅಥವಾ 4 ಪಟ್ಟು ಅನುಪಾತದ ಹಳೆಯ ಬಗೆಯ ರಚನೆ ಈ ಬೆಲೆಯಲ್ಲಿ ಇಂದಿಗೂ ಹೆಚ್ಚು ಆರಾಮ ಕೊಡುತ್ತದೆ.

ಹೆಜ್ಜೆ 4: ರೆಟಿಕಲ್

ಗುರಿಗೆರೆಗಳ ವಿನ್ಯಾಸವೇ ರೆಟಿಕಲ್. ಹೊರಗೆ ದಪ್ಪನಾಗಿ ನಡುವೆ ತೆಳ್ಳಗಾಗುವ ಡ್ಯೂಪ್ಲೆಕ್ಸ್ ವಿನ್ಯಾಸವನ್ನು ಲ್ಯೂಪೋಲ್ಡ್ 1962ರಲ್ಲಿ ಮಾರುಕಟ್ಟೆಗೆ ತಂದಿತು. ಬೆಳಕು ಇಳಿದಾಗ ತೆಳ್ಳನೆಯ ಗೆರೆ ಕಪ್ಪು ಮೈಯ ಮೇಲೆ ಮಾಯವಾದರೂ ದಪ್ಪ ಗೂಟಗಳು ಕಣ್ಣನ್ನು ನಡುವಿಗೆ ತಂದು ನಿಲ್ಲಿಸುತ್ತವೆ. ಯುರೋಪಿನಲ್ಲಿ ಬಳಕೆಯಲ್ಲಿರುವ ನಾಲ್ಕನೇ ನಂಬರಿನ ಜರ್ಮನ್ ರೆಟಿಕಲ್ ಇದೇ ಕೆಲಸವನ್ನು ಇನ್ನೂ ದಪ್ಪ ಗೂಟಗಳಿಂದ ಮಾಡುತ್ತದೆ. ನಡುವೆ ಚಿಕ್ಕ ಕೆಂಪು ಚುಕ್ಕೆ ಬೆಳಗುವ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಬ್ಯಾಟರಿ ಸತ್ತ ಮೇಲೂ ಕಪ್ಪು ಗೆರೆಗಳು ಉಳಿಯುವಂತಿದ್ದರೆ ಮಾತ್ರ. ಚುಕ್ಕೆಯ ಅತಿ ಮಂದ ಮಟ್ಟವನ್ನು ಕತ್ತಲ ಕೋಣೆಯಲ್ಲಿ ನೋಡಿ. ಅಲ್ಲೂ ಕಣ್ಣಿಗೆ ಹೊಡೆಯುವಂತಿದ್ದರೆ ಮುಸ್ಸಂಜೆಯಲ್ಲಿ ಅದು ಸಹಾಯಕ್ಕಿಂತ ಅಡ್ಡಿಯೇ.

ರೆಟಿಕಲ್ ಮೊದಲ ಫೋಕಲ್ ಪ್ಲೇನಿನಲ್ಲಿದ್ದರೆ, ಎಂದರೆ ಸ್ಕೋಪಿನೊಳಗೆ ಚಿತ್ರ ಮೂಡುವ ಎರಡು ಸಮತಲಗಳಲ್ಲಿ ಮುಂದಿನದರಲ್ಲಿದ್ದರೆ, ವರ್ಧನೆಯೊಡನೆ ಅದೂ ದೊಡ್ಡದಾಗುತ್ತದೆ, ಎರಡನೆಯದರಲ್ಲಿದ್ದರೆ ಒಂದೇ ಗಾತ್ರದಲ್ಲಿ ನಿಲ್ಲುತ್ತದೆ. ದೂರದ ಗುರಿಸ್ಪರ್ಧೆಗೆ ಮೊದಲನೆಯದು ಅನುಕೂಲ. ಆದರೆ ತೆಳ್ಳನೆಯ ಗೆರೆಗಳ ಅಂಥ ರೆಟಿಕಲ್ 3 ಪಟ್ಟಿನಲ್ಲಿ, ಮರದ ನೆರಳಿನಲ್ಲಿ, ಕೂದಲೆಳೆಯಂತೆ ಕಾಣದೆ ಹೋಗುತ್ತದೆ. ಬೇಟೆಗೆ ಎರಡನೆಯದೇ ನನ್ನ ಆಯ್ಕೆ. ಅದರಲ್ಲಿ ಹೆಚ್ಚಿನ ದೂರಕ್ಕೆ ಗುರಿ ಹಿಡಿಯಲೆಂದು ನಡುವಿನ ಕೆಳಗೆ ಹಾಕಿರುವ ಗುರುತುಗಳು ಸರಿಯಾದ ಅಳತೆ ತೋರಿಸುವುದು ಒಂದು ನಿರ್ದಿಷ್ಟ ವರ್ಧನೆಯಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ ಮಾತ್ರ ಎಂಬುದನ್ನು ಮರೆಯಬಾರದು.

ಅಷ್ಟಕ್ಕೂ ಆ ಗುರುತುಗಳು ಎಷ್ಟರಮಟ್ಟಿಗೆ ಬೇಕು? .30-06ರಂಥ ಸಾಮಾನ್ಯ ತೋಟೆಯ ರೈಫಲನ್ನು 200 ಮೀಟರಿಗೆ ಹೊಂದಿಸಿದರೆ 100 ಮೀಟರಿನಲ್ಲಿ ಗುಂಡು ಸುಮಾರು 5 ಸೆಂ.ಮೀ. ಮೇಲೆ ಬೀಳುತ್ತದೆ, 300 ಮೀಟರಿನಲ್ಲಿ 20 ಸೆಂ.ಮೀ.ಗೂ ಹೆಚ್ಚು ಕೆಳಗೆ. ಜಿಂಕೆಯ ಎದೆಯಲ್ಲಿ ಹೃದಯ-ಶ್ವಾಸಕೋಶಗಳಿರುವ ಜಾಗದ ಎತ್ತರ ಸುಮಾರು 20ರಿಂದ 25 ಸೆಂ.ಮೀ. ಎಂದರೆ 200 ಮೀಟರಿನ ಆಚೀಚೆವರೆಗೆ ನೇರವಾಗಿ ನಡುವಿಗೆ ಗುರಿ ಇಟ್ಟರಾಯಿತು. 300ಕ್ಕೆ ಒಂದು ಗುರುತು ಉಪಯೋಗಕ್ಕೆ ಬರುತ್ತದೆ; ಕ್ರಿಸ್ಮಸ್ ಮರದಂತೆ ಹರಡಿದ ಚುಕ್ಕೆಗಳು ಬೇಟೆಗಾರನಿಗೆ ಅವಸರದಲ್ಲಿ ತಪ್ಪು ಗುರುತನ್ನು ಆರಿಸಲು ನೆರವಾಗುತ್ತವೆ, ಅಷ್ಟೆ.

ಹೆಜ್ಜೆ 5: ಟರೆಟ್, ಪ್ಯಾರಲ್ಯಾಕ್ಸ್, ಜಲನಿರೋಧಕ ಗುಣ

ಹೊಂದಾಣಿಕೆಯ ತಿರುಗಣಿಗಳಿಗೆ, ಎಂದರೆ ಟರೆಟ್‌ಗಳಿಗೆ, ಮುಚ್ಚಳ ಇರಲಿ. ಚೀಲಕ್ಕೆ ಉಜ್ಜಿ, ವಾಹನದ ಸೀಟಿಗೆ ತಾಗಿ ತಾನಾಗಿ ತಿರುಗಿದ ಟರೆಟ್ಟಿನಿಂದ ಗುರಿ ತಪ್ಪಿದ ಮೇಲೆ ಕಾರಣ ಹುಡುಕುವುದೇ ಕಷ್ಟ. ಎತ್ತರದ ಟರೆಟ್ ತೆರೆದೇ ಇರಬೇಕೆನ್ನುವವರು ಶೂನ್ಯದಲ್ಲಿ, ಎಂದರೆ ಗುರಿ ಹೊಂದಿಸಿಟ್ಟ ಸ್ಥಾನದಲ್ಲಿ, ಬೀಗ ಬೀಳುವ ಮಾದರಿಯನ್ನು ಆರಿಸಬೇಕು.

ಕಣ್ಣು ಅತ್ತಿತ್ತ ಸರಿದಾಗ ರೆಟಿಕಲ್ ಗುರಿಯ ಮೇಲೆ ಜರುಗಿದಂತೆ ಕಾಣುವ ದೋಷವೇ ಪ್ಯಾರಲ್ಯಾಕ್ಸ್. 10 ಅಥವಾ 12 ಪಟ್ಟಿನವರೆಗಿನ ಸ್ಕೋಪಿಗೆ ಪ್ಯಾರಲ್ಯಾಕ್ಸ್ ತಿದ್ದುವ ಗುಂಡಿ ಅನಿವಾರ್ಯವಲ್ಲ. 100 ಮೀಟರಿಗೆ ಕಾರ್ಖಾನೆಯಲ್ಲೇ ಹೊಂದಿಸಿದ 40 ಮಿ.ಮೀ. ಮಸೂರದ ಸ್ಕೋಪಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಸರಿದರೂ 300 ಮೀಟರಿನಲ್ಲಿ ಆಗುವ ವ್ಯತ್ಯಾಸ ಹೆಚ್ಚೆಂದರೆ 4 ಸೆಂ.ಮೀ. ಮೊಲ ಮತ್ತು ಅಳಿಲುಗಳ ಬೇಟೆಯ .22 ರೈಫಲಿಗೆಂದು ಮಾಡಿದ ಸ್ಕೋಪ್‌ಗಳು ಮಾತ್ರ 50 ಮೀಟರಿನ ಆಸುಪಾಸಿಗೆ ಹೊಂದಿಸಿರುತ್ತವೆ. ಬೆಲೆ ಕಡಿಮೆ ಎಂದು ಅದನ್ನು ದೊಡ್ಡ ರೈಫಲಿಗೆ ಕೂರಿಸಬಾರದು.

ಕೊಳವೆಯೊಳಗೆ ಸಾರಜನಕ ಅಥವಾ ಆರ್ಗಾನ್ ತುಂಬಿ ಮೊಹರು ಮಾಡಿರಬೇಕು. ಇಲ್ಲವಾದರೆ ಬೆಚ್ಚನೆಯ ಕೋಣೆಯಿಂದ ಚಳಿಗೆ ತಂದ ಕೂಡಲೇ ಒಳಗಿನ ತೇವ ಗಾಜಿಗೆ ಮಂಜಾಗಿ ಹಿಡಿಯುತ್ತದೆ, ಅದನ್ನು ಒರೆಸುವ ದಾರಿಯಿಲ್ಲ.

ಹೆಜ್ಜೆ 6: ಅಂಗಡಿಯಲ್ಲಿ ನೋಡುವ ಕ್ರಮ

ಅಂಗಡಿಯ ಝಗಮಗ ದೀಪದಡಿ ಎಲ್ಲ ಸ್ಕೋಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ಸಂಜೆ ಹೋಗಿ, ರೈಫಲಿನಿಂದ ಬೇರ್ಪಡಿಸಿದ ಎರಡು ಮೂರು ಸ್ಕೋಪ್‌ಗಳನ್ನು ಹೊರಗೆ ತಂದು ನೋಡಲು ಅನುಮತಿ ಕೇಳಿ. ಎಲ್ಲವನ್ನೂ ಒಂದೇ ವರ್ಧನೆಗೆ, ಉದಾಹರಣೆಗೆ 6ಕ್ಕೆ, ಇಟ್ಟು ಹೋಲಿಸಬೇಕು. ಬೇರೆ ಬೇರೆ ವರ್ಧನೆಯಲ್ಲಿ ಹೋಲಿಸಿದರೆ ಕಡಿಮೆ ವರ್ಧನೆಯದು ಸುಳ್ಳೇ ಹೆಚ್ಚು ಬೆಳಗಿದಂತೆ ಕಾಣುತ್ತದೆ. ಮೊದಲು ಹಿಂದಿನ ಮಸೂರದ ಫೋಕಸ್ ಉಂಗುರವನ್ನು ನಿಮ್ಮ ಕಣ್ಣಿಗೆ ಹೊಂದಿಸಿ: ಖಾಲಿ ಆಕಾಶದ ಕಡೆಗೆ ಹಿಡಿದು ಎರಡು ಮೂರು ಸೆಕೆಂಡು ಮಾತ್ರ ನೋಡಿ, ದೃಷ್ಟಿ ತೆಗೆದು, ಉಂಗುರ ತಿರುಗಿಸಿ, ಮತ್ತೆ ನೋಡಿ. ದಿಟ್ಟಿಸುತ್ತ ಕುಳಿತರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ.

ಆಮೇಲೆ ನಿಂತಿರುವ ವಾಹನದ ಅಡಿಯ ನೆರಳಿನಲ್ಲಿ ಏನೇನು ಬಿಡಿಬಿಡಿಯಾಗಿ ಕಾಣುತ್ತದೆ ನೋಡಿ. ಬೆಳ್ಳನೆಯ ಆಕಾಶದೆದುರಿನ ಕಪ್ಪು ಕೊಂಬೆಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಅಂಚು ಎದ್ದು ಕಂಡರೆ ಗಾಜು ಸಾಧಾರಣ. ಬೀದಿದೀಪದ ಪಕ್ಕದ ಕತ್ತಲೆಗೆ ಹಿಡಿದಾಗ ಚಿತ್ರವೆಲ್ಲ ಹಾಲು ಚೆಲ್ಲಿದಂತಾದರೆ ಒಳಗಿನ ಬೆಳಕುತಡೆ ಸರಿಯಿಲ್ಲ. ಸೂರ್ಯ ಮುಳುಗುವ ದಿಕ್ಕಿಗೆ ಮುಖಮಾಡಿ ಕುಳಿತಾಗ ಕೈಕೊಡುವುದು ಇದೇ ದೋಷ. ಸೂರ್ಯನನ್ನು ಮಾತ್ರ ಯಾವ ಸ್ಕೋಪಿನಿಂದಲೂ ನೋಡಕೂಡದು.

ಹಳೆಯ ಸ್ಕೋಪ್ ಕೊಳ್ಳುವುದಾದರೆ ಕೊಳವೆಯ ಮೇಲೆ ರಿಂಗಿನ ಆಳವಾದ ಗುರುತು ಇದೆಯೇ, ಅಲುಗಾಡಿಸಿದಾಗ ಸದ್ದಾಗುತ್ತದೆಯೇ ನೋಡಿ. ಲ್ಯೂಪೋಲ್ಡ್, ವೋರ್ಟೆಕ್ಸ್‌ಗಳ ಜೀವಾವಧಿ ಖಾತರಿ ಎರಡನೆಯ ಮಾಲೀಕನಿಗೂ ಸಲ್ಲುತ್ತದೆ. ನಿಕಾನ್ ರೈಫಲ್ ಸ್ಕೋಪ್‌ಗಳ ತಯಾರಿಕೆಯನ್ನೇ ನಿಲ್ಲಿಸಿದೆ. ಅಂಥವು ಅಗ್ಗವಾಗಿ ಸಿಕ್ಕರೂ ದುರಸ್ತಿಯ ಪ್ರಶ್ನೆ ಉಳಿಯುತ್ತದೆ. ಹೆಸರಾಂತ ಸ್ಕೋಪ್ ಹೊಚ್ಚಹೊಸದಾಗಿ ಅರ್ಧ ಬೆಲೆಗೆ ಸಿಗುತ್ತಿದ್ದರೆ ಅದರ ಸರಣಿ ಸಂಖ್ಯೆಯನ್ನು ತಯಾರಕರಿಗೆ ಕಳಿಸಿ ವಿಚಾರಿಸುವುದು ಲೇಸು, ನಕಲಿ ಸರಕು ಸಾಕಷ್ಟಿದೆ.

ಹೆಜ್ಜೆ 7: ಕೂರಿಸುವುದು

ಸ್ಕೋಪಿಗೆ ಹಣವೆಲ್ಲ ಸುರಿದು ರಿಂಗಿನಲ್ಲಿ ಉಳಿತಾಯ ಮಾಡುವವರು ಬಹಳ. ಗುರಿ ನಿಲ್ಲುತ್ತಿಲ್ಲ ಎಂಬ ದೂರುಗಳಲ್ಲಿ ಸ್ಕೋಪಿನ ತಪ್ಪಿಗಿಂತ ಸಡಿಲ ಬೇಸಿನ (ರಿಂಗು ಕೂರುವ ತಳಪಟ್ಟಿ), ಓರೆ ರಿಂಗಿನ ತಪ್ಪೇ ಹೆಚ್ಚು. ಬೇಸ್ ತಿರುಪುಗಳ ಎಣ್ಣೆ ಒರೆಸಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ. ರಿಂಗಿನ ತಿರುಪುಗಳಿಗೆ ಅದು ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್, ಎಂದರೆ ಸುಮಾರು 2 ನ್ಯೂಟನ್-ಮೀಟರ್. ಕೈಯಂದಾಜಿನಲ್ಲಿ ಬಿಗಿದರೆ ಕೊಳವೆ ನುಜ್ಜಾಗಿ ವರ್ಧನೆಯ ಉಂಗುರ ಬಿಗಿಯಾಗುವುದುಂಟು. ಮುಂದಿನ ಮಸೂರ ಬ್ಯಾರೆಲ್ಲಿಗೆ ತಾಗದಷ್ಟೇ ತಗ್ಗಿನ ರಿಂಗು ಸಾಕು. ತೋಟೆ ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟಿನ ಹಿಡಿ ಎತ್ತಿದಾಗ ಸ್ಕೋಪಿಗೆ ತಗಲುತ್ತದೆಯೇ ಎಂದೂ ನೋಡಬೇಕು. ಕಣ್ಣಿನ ಅಂತರ ಹೊಂದಿಸಿ, ರೆಟಿಕಲ್ಲಿನ ನಿಂತ ಗೆರೆಯನ್ನು ದೂರದ ತೂಗುಗುಂಡಿನ ದಾರಕ್ಕೆ ಸರಿಯಾಗಿ ಹಿಡಿದು, ನಾಲ್ಕೂ ತಿರುಪುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ.

ಹೆಜ್ಜೆ 8: ಗುರಿ ಹೊಂದಿಸುವುದು, ಸ್ಕೋಪನ್ನು ಪರೀಕ್ಷಿಸುವುದು

ಬೋಲ್ಟ್ ತೆಗೆದು, ರೈಫಲನ್ನು ಮರಳಿನ ಚೀಲಗಳ ಮೇಲೆ ಅಲುಗದಂತೆ ಇರಿಸಿ, ನಳಿಗೆಯ ಮೂಲಕ 25 ಮೀಟರ್ ದೂರದ ಗುರಿಕಾಗದದ ಬಿಲ್ಲೆಯನ್ನು ನಡುವಿಗೆ ತನ್ನಿ. ರೈಫಲ್ ಕದಲಿಸದೆ ರೆಟಿಕಲನ್ನೂ ಅದೇ ಬಿಲ್ಲೆಗೆ ತಂದರೆ ಮೊದಲ ಗುಂಡು ಕಾಗದದ ಮೇಲೆ ಬೀಳುವುದು ಬಹುತೇಕ ಖಚಿತ. ಟರೆಟ್ಟಿನ ಒಂದೊಂದು ಮೆಟ್ಟಿಲಿನ ತಿರುವೇ ಕ್ಲಿಕ್; ಅದನ್ನು ಎಂಓಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಥವಾ ಮಿಲ್ (ದೂರದ ಸಾವಿರದಲ್ಲೊಂದು ಭಾಗ) ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಕಾಲು ಎಂಓಎ ಕ್ಲಿಕ್ ಎಂದರೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ., 25 ಮೀಟರಿನಲ್ಲಿ ಅದರ ಕಾಲು ಭಾಗ, ಎಂದರೆ 1.8 ಮಿ.ಮೀ. ಮಾತ್ರ. 25 ಮೀಟರಿನಲ್ಲಿ ಗುಂಡು 5 ಸೆಂ.ಮೀ. ಕೆಳಗೆ ಬಿದ್ದರೆ ಸುಮಾರು 28 ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಕ್ಲಿಕ್ 0.1 ಮಿಲ್ ಆಗಿದ್ದರೆ 100 ಮೀಟರಿಗೆ 1 ಸೆಂ.ಮೀ., ಇದೇ ತಿದ್ದುಪಡಿಗೆ 20 ಕ್ಲಿಕ್. ಮೀಟರಿನಲ್ಲಿ ದೂರ ಅಳೆಯುವವರಿಗೆ ಈ ಎರಡನೆಯ ಲೆಕ್ಕ ಸುಲಭ. ಆಮೇಲೆ 100 ಮೀಟರಿಗೆ ಹೋಗಿ, ಪ್ರತಿ ತಿದ್ದುಪಡಿಗೂ ಮೂರು ಗುಂಡುಗಳ ಗುಂಪನ್ನು ನೋಡಿ. ಒಂದೇ ಗುಂಡನ್ನು ನಂಬಿ ತಿರುಗಿಸುತ್ತ ಹೋದರೆ ನಿಮ್ಮ ಕೈಯ ಅಲುಗಾಟವನ್ನೇ ಬೆನ್ನಟ್ಟಿದಂತಾಗುತ್ತದೆ.

ಗುರಿ ಹೊಂದಿದ ಮೇಲೆ ಪೆಟ್ಟಿಗೆ ಪರೀಕ್ಷೆ ಮಾಡಿ. ಒಂದು ಗುಂಪು ಹೊಡೆದು, 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ ತಿರುಗಿಸುತ್ತ, ಪ್ರತಿ ಮೂಲೆಯಲ್ಲೂ ಅದೇ ಮೊದಲ ಬಿಲ್ಲೆಗೇ ಗುರಿಯಿಟ್ಟು ಹೊಡೆಯಿರಿ. ಕಾಲು ಎಂಓಎ ಸ್ಕೋಪಿನಲ್ಲಿ ಮೂಲೆಯಿಂದ ಮೂಲೆಗೆ 29 ಸೆಂ.ಮೀ. ಬರಬೇಕು, ಕೊನೆಯ ಗುಂಪು ಮೊದಲನೆಯದರ ಮೇಲೇ ಬೀಳಬೇಕು. ಅಂತರದಲ್ಲಿ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯಾದರೆ ಬೇಟೆಗೆ ತೊಂದರೆಯಿಲ್ಲ, ಗುಂಪಿನ ಹರವೇ ಅಷ್ಟಿರಬಹುದು. ಆರಂಭಕ್ಕೆ ಮರಳದಿದ್ದರೆ ಮಾತ್ರ ರಿಂಗುಗಳನ್ನು ಮತ್ತೊಮ್ಮೆ ಬಿಗಿದು ಪರೀಕ್ಷೆಯನ್ನು ಪುನರಾವರ್ತಿಸಿ. ಆಗಲೂ ಅದೇ ಫಲ ಬಂದರೆ ಖಾತರಿಯ ಅವಧಿಯಲ್ಲೇ ಸ್ಕೋಪನ್ನು ಹಿಂದಿರುಗಿಸಿ. ಇದೇ ಗುಂಪುಗಳ ಜೊತೆ ವರ್ಧನೆಯನ್ನು ಕೆಳಗಿನ ತುದಿಗೂ ಮೇಲಿನ ತುದಿಗೂ ಬದಲಿಸಿ ಹೊಡೆದು, ಗುರಿ ಜಾಗ ಬಿಟ್ಟು ಸರಿಯುತ್ತದೆಯೇ ಎಂದೂ ತಿಳಿದುಕೊಳ್ಳಬಹುದು.

ಕಾಡಿಗಿಳಿದ ಮೇಲೆ ವರ್ಧನೆ ಯಾವಾಗಲೂ ಕೆಳಗಿನ ತುದಿಯಲ್ಲೇ ಇರಲಿ. ದೂರದ ಪ್ರಾಣಿಗೆ ಅದನ್ನು ಏರಿಸಲು ಸಮಯ ಸಿಗುತ್ತದೆ, ಹತ್ತಿರದ ಪ್ರಾಣಿಗೆ ಇಳಿಸಲು ಸಿಗುವುದಿಲ್ಲ. ಅಲ್ಲಿ ಕದಲಿದ್ದು ಪ್ರಾಣಿಯೋ ಮನುಷ್ಯನೋ ಎಂದು ನೋಡಲು ರೈಫಲ್ ಎತ್ತಕೂಡದು, ಅದಕ್ಕೆ ಕೊರಳಲ್ಲಿ ಬೈನಾಕ್ಯುಲರ್ ಇರಬೇಕು. ಗಾಜಿನ ಮೇಲಿನ ಧೂಳನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಆಮೇಲಷ್ಟೇ ಬಟ್ಟೆಯಿಂದ ಒರೆಸಬೇಕು. ರೈಫಲ್ ಕೈಜಾರಿ ಬಿದ್ದರೆ, ಅಥವಾ ವಿಮಾನದ ಸರಕುಗೂಡಿನಲ್ಲಿ ಪ್ರಯಾಣ ಮಾಡಿ ಬಂದರೆ, ಬೇಟೆಗೆ ಹೊರಡುವ ಮುನ್ನ 100 ಮೀಟರಿನಲ್ಲಿ ಮೂರು ಗುಂಡು ಹೊಡೆದು ಗುರಿ ನೋಡಿಕೊಳ್ಳಿ. ಆ ಮೂರು ತೋಟೆಗಳನ್ನು ಹೊರಡುವಾಗಲೇ ಲೆಕ್ಕಕ್ಕೆ ಸೇರಿಸಿಟ್ಟುಕೊಂಡಿರಬೇಕು.